ಹರಾಜಿನಲ್ಲಿ ಉಳಿದ ಆಟಗಾರ

ಅಮೆರಿಕದ ಬಾಸ್ಕೆಟ್‌ಬಾಲ್ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ನಮ್ಮ ಐ.ಪಿ.ಎಲ್. ಕ್ರಿಕೆಟ್ಟಿನಲ್ಲಿ ಹರಾಜು. ಹೆಸರಾಂತನನ್ನು ಕೊಂಡರೆ ಗೆಲುವು ಖಂಡಿತವೆಂದು ಯಲಹಂಕದ ನನ್ನ ಗೆಳೆಯರ ವಾದ. ಇದನ್ನು ಬೆಂಗಳೂರು ತಂಡದ ಉದಾಹರಣೆಯಿಂದಲೇ ಪರೀಕ್ಷಿಸೋಣ.

2014ರಲ್ಲಿ ತಂಡವು ಯುವರಾಜ್ ಸಿಂಗ್ ಅವರನ್ನು 14 ಕೋಟಿ ರೂಪಾಯಿಗೆ ಕೊಂಡಿತು; ದೊರೆತದ್ದು ಏಳನೆಯ ಸ್ಥಾನ. ಹರಾಜಿನ ಹಣಕ್ಕೆ ಮಿತಿಯುಂಟು. ಒಬ್ಬರಿಗೇ ಸುರಿದರೆ ಉಳಿದವರಿಗೆ ಕೊರತೆ. 2022ರ ಹರಾಜಿನಲ್ಲಿ ರಜತ್ ಪಾಟೀದಾರ್ ಅವರನ್ನು ಯಾರೂ ಕೊಳ್ಳಲಿಲ್ಲ. ಗಾಯಗೊಂಡ ಆಟಗಾರನ ಬದಲಿಗೆ 20 ಲಕ್ಷಕ್ಕೆ ಬಂದ ಅವರು ಎಲಿಮಿನೇಟರ್ ಪಂದ್ಯದಲ್ಲಿ ಔಟಾಗದೆ 112 ರನ್ ಹೊಡೆದರು. 2025ರ ಜೂನ್ 3ರಂದು ಅವರ ನಾಯಕತ್ವದಲ್ಲಿಯೇ ತಂಡಕ್ಕೆ ಮೊದಲ ಪ್ರಶಸ್ತಿ ಬಂದಿತು.

ಈ ವರ್ಷ ಕಾಲೇಜು ತಂಡದ ಪಟ್ಟಿಯಲ್ಲಿ ನನ್ನ ಹೆಸರೂ ಇರಲಿಲ್ಲ. ಆದರೂ ಸಂಜೆಯ ಅಭ್ಯಾಸವನ್ನು ಬಿಟ್ಟಿಲ್ಲ. ಕರೆ ಬಂದಾಗ ಸಿದ್ಧನಾಗಿರಬೇಕಷ್ಟೆ.