ಸಂಸದೀಯ ಸಮಿತಿಯ ಮುಂದೆ ನಿಮ್ಮ ಮಾತು: ಹಂತ ಹಂತವಾಗಿ

ಸಂಸತ್ತಿನಲ್ಲಿರುವ ಮಸೂದೆಯೊಂದು ನಿಮ್ಮ ಬದುಕನ್ನು ತಟ್ಟುವಂತಿದ್ದರೆ, ಅದು ಕಾಯ್ದೆಯಾಗುವ ಮೊದಲೇ ನಿಮ್ಮ ಅಭಿಪ್ರಾಯವನ್ನು ನೇರವಾಗಿ ಸಂಸದೀಯ ಸಮಿತಿಗೆ ತಿಳಿಸಬಹುದು. ಅದಕ್ಕೆ ವಕೀಲರಾಗಿರಬೇಕಿಲ್ಲ, ಸಂಘದ ಲೆಟರ್‌ಹೆಡ್ಡೂ ಬೇಕಿಲ್ಲ.

ಹಂತ 1: ಮಸೂದೆ ಯಾವ ಸಮಿತಿಯಲ್ಲಿದೆ ಎಂದು ತಿಳಿದುಕೊಳ್ಳಿ
ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯಿ ಸಮಿತಿಗಳು 24 ಇವೆ. ಒಂದೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಸಚಿವರು ಸದಸ್ಯರಾಗುವಂತಿಲ್ಲ. ಕೆಲವು ಮಸೂದೆಗಳಿಗೆ ಪ್ರತ್ಯೇಕ ಜಂಟಿ ಸಮಿತಿ ಇರುತ್ತದೆ. ಅಭಿಪ್ರಾಯ ಆಹ್ವಾನಿಸುವ ಪ್ರಕಟಣೆ ಸಂಸತ್ತಿನ ಜಾಲತಾಣದಲ್ಲೂ ಪತ್ರಿಕೆಗಳಲ್ಲೂ ಬರುತ್ತದೆ. ಗಡುವು ಸಾಮಾನ್ಯವಾಗಿ 15 ದಿನ ಮಾತ್ರ, ಆದ್ದರಿಂದ ಕಂಡ ದಿನವೇ ಕೆಲಸ ಶುರು ಮಾಡಿ.

ಹಂತ 2: ಮನವಿ ಬರೆಯಿರಿ
ಇಡೀ ಮಸೂದೆಯನ್ನು ಬೈಯುವ ಪತ್ರದಿಂದ ಪ್ರಯೋಜನ ಕಡಿಮೆ. ಕಲಂ ಸಂಖ್ಯೆ, ಅದರಲ್ಲಿ ಈಗಿರುವ ಪದಗಳು, ಅವುಗಳಿಂದ ನಿಮಗಾಗುವ ತೊಂದರೆ, ಬದಲಿಗೆ ಬರಬೇಕಾದ ಪದಗಳು: ಇಷ್ಟನ್ನು ಈ ಕ್ರಮದಲ್ಲೇ ಬರೆಯಿರಿ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ 2016ರ ಮಸೂದೆಯನ್ನೇ ನೋಡಿ. ಅದರ ವ್ಯಾಖ್ಯಾನದಲ್ಲಿ ‘ಪೂರ್ಣವಾಗಿ ಹೆಣ್ಣೂ ಅಲ್ಲ, ಪೂರ್ಣವಾಗಿ ಗಂಡೂ ಅಲ್ಲ’ ಎಂಬ ಅರ್ಥದ ಮಾತಿತ್ತು. ಸಮುದಾಯದವರು ಅದನ್ನು ಬಲವಾಗಿ ವಿರೋಧಿಸಿದರು. ಸ್ಥಾಯಿ ಸಮಿತಿ 2017ರ ವರದಿಯಲ್ಲಿ ಆ ವ್ಯಾಖ್ಯಾನವನ್ನು ತಪ್ಪೆಂದಿತು. 2019ರ ಕಾಯ್ದೆಯಲ್ಲಿ ಆ ಮಾತಿಲ್ಲ. ಸಮುದಾಯದ ಬೇಡಿಕೆಗಳೆಲ್ಲ ಈಡೇರಲಿಲ್ಲ ನಿಜ, ಆದರೆ ಅವಮಾನಕರವಾದ ಒಂದು ಸಾಲು ಕಾನೂನಿನ ಪುಸ್ತಕ ಸೇರದೆ ಉಳಿಯಿತು.

ಮನವಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು ಎಂದು ಪ್ರಕಟಣೆಗಳು ಕೇಳುತ್ತವೆ. ಕನ್ನಡಿಗರಿಗೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಸದ್ಯಕ್ಕೆ ಕನ್ನಡದಲ್ಲಿ ಯೋಚಿಸಿ ಬರೆದು, ಬಲ್ಲವರಿಂದ ಅನುವಾದ ಮಾಡಿಸಿ. ಮೂಲ ಪ್ರತಿಯನ್ನೂ ಜೊತೆಗಿಡಿ.

ಹಂತ 3: ‘ಖುದ್ದಾಗಿ ಹಾಜರಾಗಲು ಬಯಸುತ್ತೇನೆ’ ಎಂದು ಸ್ಪಷ್ಟವಾಗಿ ಬರೆಯಿರಿ
ಈ ಒಂದು ವಾಕ್ಯ ಬಿಟ್ಟುಹೋದರೆ ನಿಮ್ಮನ್ನು ಕರೆಯುವ ಸಾಧ್ಯತೆ ತೀರಾ ಕಡಿಮೆ. ಬರೆದರೂ ಕರೆಯಲೇಬೇಕೆಂಬ ನಿಯಮವಿಲ್ಲ, ತೀರ್ಮಾನ ಸಮಿತಿಯದೇ. 2ಜಿ ತರಂಗಾಂತರ ಹಂಚಿಕೆಯ ಬಗ್ಗೆ ವಿಚಾರಣೆ ನಡೆಸಿದ ಜಂಟಿ ಸಮಿತಿ, ಮಾಜಿ ದೂರಸಂಪರ್ಕ ಸಚಿವ ಎ. ರಾಜಾ ತಾವಾಗಿಯೇ ಕೇಳಿಕೊಂಡರೂ 2013ರಲ್ಲಿ ಅವರನ್ನು ಕರೆಯಲಿಲ್ಲ, ಲಿಖಿತ ಹೇಳಿಕೆಯಷ್ಟೇ ಪಡೆಯಿತು. ಆರೋಪದ ಕೇಂದ್ರದಲ್ಲಿದ್ದವರನ್ನೇ ಕೇಳದ ವರದಿಯನ್ನು ಜನ ಹೇಗೆ ನಂಬಬೇಕು? ಯಾರನ್ನು, ಯಾಕೆ ಕರೆಯಲಿಲ್ಲ ಎಂಬುದಕ್ಕೆ ಸಮಿತಿಗಳು ಕಾರಣ ಕೊಡಲೇಬೇಕೆಂಬ ನಿಯಮ ಬರಬೇಕು.

ಹಂತ 4: ಕರೆ ಬಂದರೆ
ಪ್ರಮಾಣವಚನ ಮಾಡಿಸಬಹುದು. ಮೊದಲು ಅಧ್ಯಕ್ಷರು, ಅವರ ಅನುಮತಿ ಪಡೆದು ಉಳಿದ ಸದಸ್ಯರು ಪ್ರಶ್ನೆ ಕೇಳುತ್ತಾರೆ. ನಿಮ್ಮ ಮಾತು ಅಕ್ಷರಶಃ ದಾಖಲಾಗುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿ, ಸುಳ್ಳು ಸಾಕ್ಷ್ಯ ಸದನದ ನಿಂದನೆಯಾಗುತ್ತದೆ. ಸಾಕ್ಷಿ ಹೇಳಿದ್ದಕ್ಕಾಗಿ ನಿಮಗೆ ಯಾರಾದರೂ ಕಿರುಕುಳ ಕೊಟ್ಟರೆ ಅದೂ ಹಕ್ಕುಚ್ಯುತಿಯೇ.

ಹಂತ 5: ವರದಿ ಬರುವವರೆಗೆ
ಸಮಿತಿಯ ಸಭೆಗಳು ಬಾಗಿಲು ಮುಚ್ಚಿ ನಡೆಯುತ್ತವೆ. ಬ್ರಿಟನ್‌ನಲ್ಲಿ ಸಂಸದೀಯ ಸಮಿತಿಗಳ ಮುಂದಿನ ಸಾಕ್ಷ್ಯವನ್ನು ಸಾಮಾನ್ಯವಾಗಿ ಯಾರು ಬೇಕಾದರೂ ನೇರ ಪ್ರಸಾರದಲ್ಲಿ ನೋಡಬಹುದು, ಇಲ್ಲಿ ಆ ಅವಕಾಶವಿಲ್ಲ. ನಿಮ್ಮ ಮನವಿಯೂ ಸಮಿತಿಯ ಗೋಪ್ಯ ದಾಖಲೆ, ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಬೇಡಿ. ವರದಿ ಸದನದಲ್ಲಿ ಮಂಡನೆಯಾದ ಮೇಲೆ ಜಾಲತಾಣದಲ್ಲಿ ಸಿಗುತ್ತದೆ. ಕೊನೆಯಲ್ಲಿ ಭಿನ್ನಾಭಿಪ್ರಾಯದ ಟಿಪ್ಪಣಿಗಳಿದ್ದರೆ ತಪ್ಪದೆ ಓದಿ, ಸಮಿತಿಯೊಳಗಿನ ಜಗಳ ಹೊರಗೆ ಕಾಣುವುದು ಅಲ್ಲೇ.

ಮಸೂದೆ ಸಮಿತಿಗೇ ಹೋಗದಿದ್ದರೆ ಈ ಯಾವ ಹಂತವೂ ಇಲ್ಲ. 15ನೇ ಲೋಕಸಭೆಯ ಅವಧಿಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗಳಿಗೆ ಹೋಗಿದ್ದವು, 17ನೇ ಲೋಕಸಭೆಯಲ್ಲಿ ಶೇ 16ರಷ್ಟು ಮಾತ್ರ. ನಿಮ್ಮನ್ನು ತಟ್ಟುವ ಮಸೂದೆ ಮಂಡನೆಯಾದ ವಾರವೇ, ಅದನ್ನು ಸಮಿತಿಗೆ ಕಳಿಸುವಂತೆ ಒತ್ತಾಯಿಸಿ ನಿಮ್ಮ ಸಂಸದರಿಗೆ ಪತ್ರ ಬರೆಯಿರಿ. ಆ ಪತ್ರ ಕನ್ನಡದಲ್ಲೇ ಇರಲಿ.