ಛತ್ರದವನನ್ನು ವಿಚಾರಿಸಿದಿರಾ?

ಓದಿ ಧ್ಯಾನಿಸಿರಿ: ಲೂಕ ೧೦:೨೫-೩೭



ದಯಾಳು ಸಮಾರಿಯದವನ ಸಾಮತಿ ನಮಗೆಲ್ಲ ಬಾಯಿಪಾಠ. ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದ ಪ್ರಯಾಣಿಕ, ಕಂಡೂ ಕಾಣದಂತೆ ಸರಿದುಹೋದ ಯಾಜಕ ಮತ್ತು ಲೇವಿಯ, ಕನಿಕರಪಟ್ಟು ನಿಂತ ಸಮಾರಿಯದವನು - ಇವರೆಲ್ಲರ ಕುರಿತು ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇವೆ. ಆದರೆ ಈ ಸಾಮತಿಯಲ್ಲಿ ಇನ್ನೊಬ್ಬನಿದ್ದಾನೆ. ಅವನ ವಿಷಯ ನಾವು ಮಾತನಾಡುವುದು ಅಪರೂಪ. ಅವನೇ ಛತ್ರದವನು.

ಮರುದಿನ ಬೆಳಿಗ್ಗೆ ಸಮಾರಿಯದವನು ಎರಡು ದೆನಾರಿ ನಾಣ್ಯಗಳನ್ನು ಕೊಟ್ಟು ತನ್ನ ದಾರಿ ಹಿಡಿದ. ಅದು ಆ ಕಾಲದ ಕೂಲಿಯಾಳಿನ ಎರಡು ದಿನದ ಸಂಬಳ. ಅವನು ಹೊರಟ ಮೇಲೆ ಗಾಯ ತೊಳೆದವರಾರು? ರಾತ್ರಿ ನರಳಿದಾಗ ಎದ್ದು ಬಂದವರಾರು? ಗಂಜಿ ಕುಡಿಸಿದವರಾರು? ಶುಭಸಂದೇಶ ಅದನ್ನು ವಿವರಿಸುವುದಿಲ್ಲ. ಆದರೆ ರೋಗಿಯಿರುವ ಮನೆಯವರಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿಯೂ ಇಂಥ ಛತ್ರದವರಿದ್ದಾರೆ. 'ಇನ್ನು ಮನೆಗೆ ಕರೆದುಕೊಂಡು ಹೋಗಿ' ಎಂದು ವೈದ್ಯರು ಹೇಳಿದ ದಿನದಿಂದ ಮನೆಯೇ ಛತ್ರವಾಗುತ್ತದೆ. ಹೆಂಡತಿಯೋ ಸೊಸೆಯೋ ಮದುವೆಯಾಗದೆ ಉಳಿದ ಮಗಳೋ, ಕೆಲವೊಮ್ಮೆ ಗಂಡನೋ ಮಗನೋ ಹಗಲಿರುಳೂ ರೋಗಿಯ ಬಳಿ ಉಳಿಯುತ್ತಾರೆ. ಬೆನ್ನು ಹುಣ್ಣಾಗದಂತೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬಟ್ಟೆ ಒಗೆಯಬೇಕು, ಮಲಮೂತ್ರ ತೆಗೆಯಬೇಕು, ಔಷಧಿಯ ವೇಳೆ ತಪ್ಪಬಾರದು. ಇದಕ್ಕೆ ಸಂಬಳವಿಲ್ಲ, ರಜೆಯಿಲ್ಲ. ಎಷ್ಟೋ ಮನೆಗಳಲ್ಲಿ ಇದಕ್ಕಾಗಿ ಇದ್ದ ಕೂಲಿಯನ್ನೂ ಕೆಲಸವನ್ನೂ ಬಿಟ್ಟಿರುತ್ತಾರೆ. ನಾವು ರೋಗಿಯನ್ನು ನೋಡಲು ಹೋಗುತ್ತೇವೆ, ಪ್ರಾರ್ಥಿಸುತ್ತೇವೆ, ಆಕೆ ಮಾಡಿಕೊಟ್ಟ ಕಾಫಿ ಕುಡಿದು 'ನೀನು ಪುಣ್ಯವಂತೆ' ಎಂದು ಹೇಳಿ ಬರುತ್ತೇವೆ.

ದಣಿವು ಪಾಪವಲ್ಲ

ಇಂಥ ಮನೆಗಳಲ್ಲಿ ಬಾಯಿಬಿಟ್ಟು ಹೇಳದ ಒಂದು ಸಂಕಟವಿರುತ್ತದೆ. 'ದೇವರು ಇವರನ್ನು ಬೇಗ ಕರೆದುಕೊಳ್ಳಬಾರದೇ' ಎಂಬ ಯೋಚನೆ ಮನಸ್ಸಿನಲ್ಲಿ ಹಾದುಹೋಗುತ್ತದೆ. ಅಥವಾ ಹತ್ತನೆಯ ಸಲ ಕರೆದಾಗ ಸಿಟ್ಟು ಬರುತ್ತದೆ. ಮರುಕ್ಷಣವೇ 'ನಾನೆಂಥ ಪಾಪಿ' ಎಂದು ಮನಸ್ಸು ಕುದಿಯುತ್ತದೆ.

ಧರ್ಮಸಭೆಯ ನೀತಿಬೋಧೆ ಇಲ್ಲಿ ಸ್ಪಷ್ಟವಾಗಿದೆ. ತಾನಾಗಿ ಎದ್ದುಬರುವ ಭಾವನೆ ಬೇರೆ, ತಿಳಿದು ಒಪ್ಪಿ ಮಾಡುವ ಇಚ್ಛೆ ಬೇರೆ. ಪ್ರೀತಿಸುವುದೆಂದರೆ ಮತ್ತೊಬ್ಬರ ಒಳಿತನ್ನು ಇಚ್ಛಿಸುವುದು ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ರಾತ್ರಿ ಎರಡು ಗಂಟೆಗೆ ಗೊಣಗುತ್ತಲೇ ಎದ್ದು ಅತ್ತೆಯ ಮಗ್ಗುಲು ಬದಲಿಸುವ ಸೊಸೆಯ ಬಾಯಲ್ಲಿ ಗೊಣಗಾಟವಿದ್ದರೂ ಅವಳ ಇಚ್ಛೆಯಲ್ಲಿ ಪ್ರೀತಿ ಇದೆ. ನರಳಾಟ ಮುಗಿಯಲಿ ಎಂದು ಬಯಸುವುದು ಆ ವ್ಯಕ್ತಿಯನ್ನು ತೊರೆದಂತಲ್ಲ.

ಪ್ರವಾದಿ ಎಲೀಯನು ಬಳಲಿ ಮರದಡಿ ಬಿದ್ದು ಸಾವನ್ನು ಬೇಡಿದಾಗ ದೇವದೂತನು ಅವನನ್ನು ಗದರಿಸಲಿಲ್ಲ. ರೊಟ್ಟಿ, ನೀರು ಇಟ್ಟು ಎಬ್ಬಿಸಿದನು. ಅವನು ತಿಂದು ಮತ್ತೆ ಮಲಗಿದಾಗ ಮಲಗಲು ಬಿಟ್ಟನು. ಮೋಶೆಯ ಕೈಗಳು ಸೋತಾಗ ಆರೋನನೂ ಹೂರನೂ ಕೂರಲು ಕಲ್ಲು ತಂದಿಟ್ಟು, ಇಬ್ಬದಿಯಲ್ಲಿ ನಿಂತು ಸೂರ್ಯ ಮುಳುಗುವ ತನಕ ಆ ಕೈಗಳನ್ನು ಎತ್ತಿಹಿಡಿದರು. ದಣಿದವರಿಗೆ ಪವಿತ್ರ ಗ್ರಂಥ ಕೊಡುವ ಮೊದಲ ಮದ್ದು ಊಟ, ನಿದ್ರೆ ಮತ್ತು ಇನ್ನೊಬ್ಬರ ಕೈ.

ಧರ್ಮಸಭೆ ಇವರನ್ನು ಕಂಡಿದೆ

ಭಾನುವಾರದ ಬಲಿಪೂಜೆಗೆ ಬರಲಾಗಲಿಲ್ಲವೆಂದು ಕೊರಗುವವರು ಅನೇಕರು. ರೋಗಿಯನ್ನು ಒಂಟಿಯಾಗಿ ಬಿಟ್ಟು ಬರಲಾಗದವರಿಗೆ ಆ ದಿನ ಆ ಕಟ್ಟಳೆಯಿಂದ ವಿನಾಯಿತಿಯಿದೆ, ಅದು ಪಾಪವಾಗುವುದಿಲ್ಲ. ಮನೆಗೆ ಪರಮಪ್ರಸಾದ ತಂದಾಗ 'ಬೇಡ ಫಾದರ್, ಈಗಷ್ಟೇ ಗಂಜಿ ಕುಡಿದೆ' ಎಂದು ಹಿಂದೆ ಸರಿಯುವವರೂ ಇದ್ದಾರೆ. ೧೯೮೩ರ ಧರ್ಮಸಭಾ ಕಾನೂನು ಸಂಹಿತೆಯ ೯೧೯ನೆಯ ವಿಧಿಯನ್ನು ಅವರಿಗೆ ತಿಳಿಸಬೇಕು. ವೃದ್ಧರು, ರೋಗಿಗಳು ಮತ್ತು ಅವರನ್ನು ನೋಡಿಕೊಳ್ಳುವವರು ಹಿಂದಿನ ಒಂದು ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು ಎಂದು ಅದು ಹೇಳುತ್ತದೆ. ರೋಗಿಯನ್ನೂ ಆರೈಕೆ ಮಾಡುವವರನ್ನೂ ಧರ್ಮಸಭೆ ಒಂದೇ ವಾಕ್ಯದಲ್ಲಿ ಕೂಡಿಸಿ ನೋಡಿದೆ. ಆದುದರಿಂದ ಪರಮಪ್ರಸಾದ ಒಯ್ಯುವವರು ಮಂಚದ ಮೇಲಿರುವವರಿಗೆ ಮಾತ್ರವಲ್ಲ, ಮಂಚದ ಪಕ್ಕದಲ್ಲಿರುವವರಿಗೂ ಒಯ್ಯಲಿ.

ರೋಗಿಗಳ ಅಭ್ಯಂಗ ಸಂಸ್ಕಾರಕ್ಕೂ ಕೊನೆಯುಸಿರಿನ ತನಕ ಕಾಯಬೇಡಿ. ಕಾಯಿಲೆ ಗಂಭೀರವಾದಾಗಲೇ ಗುರುಗಳನ್ನು ಕರೆಯಿರಿ. ಕಾಯಿಲೆ ಇನ್ನೂ ಉಲ್ಬಣಿಸಿದರೆ ಆ ಸಂಸ್ಕಾರವನ್ನು ಮತ್ತೆ ಪಡೆಯಬಹುದು.

ಇನ್ನೊಂದು ಪ್ರಶ್ನೆ: ನೋವಿಗೆ ಮಾರ್ಫಿನ್ ಕೊಡಬಹುದೇ? ವೈದ್ಯರ ಸಲಹೆಯಂತೆ ಕೊಡಬಹುದು. ಪೋಪ್ ಹನ್ನೆರಡನೆಯ ಪಿಯುಸರು ೧೯೫೭ರಲ್ಲೇ ಇದನ್ನು ಕಲಿಸಿದರು. ೧೯೯೨ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಅದನ್ನೇ ಹೇಳುತ್ತದೆ. ಸಾವನ್ನು ಉದ್ದೇಶಿಸದೆ ನೋವನ್ನು ನೀಗಿಸಲು ಕೊಡುವ ಔಷಧಿಯಿಂದ ಆಯುಸ್ಸು ತುಸು ಕಡಿಮೆಯಾಗುವ ಸಂಭವವಿದ್ದರೂ ಅದು ಕೊಲೆಯಲ್ಲ. ಹಾಗೆಯೇ, ಫಲವಿಲ್ಲದ ಹೊರಲಾರದ ಚಿಕಿತ್ಸೆಗಾಗಿ ಹೊಲ ಮಾರಲೇಬೇಕೆಂಬ ಕಟ್ಟಳೆಯೂ ಇಲ್ಲ. ಆಹಾರ, ನೀರು, ಶುಚಿತ್ವ, ನೋವಿನ ಉಪಶಮನ, ಜೊತೆಗಿರುವಿಕೆ - ಇವುಗಳನ್ನು ಮಾತ್ರ ರೋಗಿಯ ದೇಹ ತಾಳುವಷ್ಟು ಕಾಲ ನಿಲ್ಲಿಸಬಾರದು.

೨೦೨೦ರಲ್ಲಿ ರೋಮಿನ ವಿಶ್ವಾಸಬೋಧನಾ ಪರಿಷತ್ತು ಮರಣಾಸನ್ನರ ಆರೈಕೆಯ ಕುರಿತು ಒಂದು ಪತ್ರವನ್ನು ಹೊರಡಿಸಿತು. ಅದರ ಹೆಸರೇ 'ಸಮಾರಿತಾನುಸ್ ಬೋನುಸ್', ಅಂದರೆ ದಯಾಳು ಸಮಾರಿಯದವನು. ರೋಗಿಯ ಕುಟುಂಬಕ್ಕೂ ನೆರವು ಮತ್ತು ಸಂಪನ್ಮೂಲ ಬೇಕು ಎಂದು ಅದು ಒತ್ತಿ ಹೇಳುತ್ತದೆ.

ಹೊಗಳಿಕೆಯಿಂದ ಹೊಟ್ಟೆ ತುಂಬದು

'ಹೊರಬಲ್ಲವರಿಗೇ ದೇವರು ಶಿಲುಬೆ ಕೊಡುತ್ತಾನೆ' ಎಂದು ನಾವು ಸಾಂತ್ವನ ಹೇಳುತ್ತೇವೆ. ಯೇಸುಸ್ವಾಮಿಯೇ ತಮ್ಮ ಶಿಲುಬೆಯನ್ನು ಒಬ್ಬರೇ ಕೊನೆತನಕ ಹೊರಲಿಲ್ಲ; ಸಿರೇನಿನ ಸಿಮೋನನು ಹೆಗಲು ಕೊಟ್ಟನು. ನಾವು ಹೆಗಲು ಕೊಡುವುದು ಹೇಗೆ?

ಮೊದಲು ಕೇಳುವ ಪ್ರಶ್ನೆ ಬದಲಾಗಲಿ. 'ರೋಗಿ ಹೇಗಿದ್ದಾರೆ' ಎಂದು ಕೇಳಿದ ಮೇಲೆ 'ನೀವು ರಾತ್ರಿ ಮಲಗಿದಿರಾ, ಊಟ ಮಾಡಿದಿರಾ' ಎಂದೂ ಕೇಳಿರಿ.

'ಏನಾದರೂ ಬೇಕಾದರೆ ಹೇಳಿ' ಎನ್ನಬೇಡಿ. ಸಂಕೋಚಪಡುವವರು ಹೇಳುವುದಿಲ್ಲ. 'ಬುಧವಾರ ಮಧ್ಯಾಹ್ನ ಎರಡರಿಂದ ಐದರ ತನಕ ನಾನು ಇಲ್ಲಿ ಕೂತಿರುತ್ತೇನೆ, ನೀವು ಮಲಗಿರಿ' ಎಂದು ದಿನ, ಗಂಟೆ ಹೇಳಿರಿ. ಹೇಳಿದಂತೆ ಬನ್ನಿರಿ.

ಭಾನುವಾರ ಇಪ್ಪತ್ತು ಜನ ಒಟ್ಟಿಗೆ ಹೋಗುವ ಬದಲು ಕಿರುಸಮುದಾಯದವರು ವಾರವನ್ನು ಹಂಚಿಕೊಳ್ಳಲಿ. ಒಂದು ಮನೆಯಿಂದ ಸೋಮವಾರದ ಸಾರು, ಇನ್ನೊಂದರಿಂದ ಗುರುವಾರದ ಬಟ್ಟೆ ಒಗೆತ, ಯುವಕರಿಂದ ಔಷಧಿ ಅಂಗಡಿ ಮತ್ತು ಪಡಿತರದ ಸಾಲು. ಮಕ್ಕಳ ಶಾಲೆ ಶುಲ್ಕದ ವಿಚಾರವನ್ನು ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಗುಟ್ಟಾಗಿ ವಿಚಾರಿಸಲಿ. ದೂರದ ಊರಿನಲ್ಲಿರುವ ಅಣ್ಣತಮ್ಮಂದಿರು ಫೋನಿನಲ್ಲಿ ಬುದ್ಧಿ ಹೇಳುವುದನ್ನು ಕಡಿಮೆ ಮಾಡಿ, ಖರ್ಚಿನ ಪಾಲು ಕಳುಹಿಸಲಿ. ವರ್ಷಕ್ಕೆ ಒಂದು ವಾರ ಬಂದು ರಾತ್ರಿ ಕಾವಲು ಕೂರಲಿ.

ಹೊರಗಿನ ನೆರವನ್ನೂ ಪಡೆಯೋಣ. ಗುಣವಾಗದ ಕ್ಯಾನ್ಸರ್ ರೋಗಿಗಳಿಗಾಗಿ ೧೯೮೬ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಶಾಂತಿ ಅವೇದನಾ ಆಶ್ರಮ ಆರಂಭವಾಯಿತು. ಬೆಂಗಳೂರಿನ ಮಾರತ್ತಹಳ್ಳಿ ಬಳಿ ೧೯೯೯ರಲ್ಲಿ ತೆರೆದ ಕರುಣಾಶ್ರಯವು ಅಂಥವರನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಅದರ ತಂಡ ಮನೆಗಳಿಗೂ ಹೋಗುತ್ತದೆ. ಕೇರಳದ ಮಲಪ್ಪುರಂ ಕಡೆ ಆರಂಭವಾದ ನೆರೆಹೊರೆಯ ಉಪಶಾಮಕ ಆರೈಕೆಯಲ್ಲಿ ವಾರಕ್ಕೆ ಎರಡು ಗಂಟೆ ಕೊಡಬಲ್ಲ ಸಾಮಾನ್ಯ ಜನರೇ ತರಬೇತಿ ಪಡೆದು ಮನೆಮನೆಗೆ ಹೋದರು. ವಾರಕ್ಕೆ ಎರಡು ಗಂಟೆ! ನಮ್ಮ ಯಾವ ಧರ್ಮಕೇಂದ್ರಕ್ಕೆ ಇದು ಅಸಾಧ್ಯ?

ಆರೈಕೆ ಮಾಡುವವರಿಗೂ ಒಂದು ಮಾತು. ಯಾರಾದರೂ ಕೈಜೋಡಿಸಲು ಬಂದರೆ ಬೇಡವೆನ್ನಬೇಡಿ. ಸಮಾರಿಯದವನು ಎಲ್ಲವನ್ನೂ ತಾನೇ ಮಾಡಲಿಲ್ಲ. ಗಾಯಾಳುವನ್ನು ಮತ್ತೊಬ್ಬನಿಗೆ ಒಪ್ಪಿಸಿ ತನ್ನ ಕೆಲಸಕ್ಕೆ ಹೋದನು. ಹಾಗೆಂದು ಅವನ ಕನಿಕರ ಕಡಿಮೆಯಾಯಿತೆಂದು ಯೇಸುಸ್ವಾಮಿ ಹೇಳಲಿಲ್ಲ.

ಹಿಂದಿರುಗಿ ಬರುವ ಮಾತು

ಸಮಾರಿಯದವನು ಹೊರಡುವಾಗ ಒಂದು ಮಾತು ಕೊಟ್ಟನು: ತಾನು ಹಿಂದಿರುಗಿ ಬರುವೆನು, ಹೆಚ್ಚಿಗೆ ಖರ್ಚಾದುದನ್ನು ತೀರಿಸುವೆನು ಎಂದು. ಛತ್ರದವನಿಗೆ ಖರ್ಚಾಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಸಾವಿನ ಮನೆಗೆ ನಾವೆಲ್ಲ ಹೋಗುತ್ತೇವೆ. ಏಳನೆಯ ದಿನ, ಮೂವತ್ತನೆಯ ದಿನದ ಬಲಿಪೂಜೆಯೂ ಆಗುತ್ತದೆ. ಅನಂತರ ಬಾಗಿಲು ತಟ್ಟುವವರಿಲ್ಲ. ವರ್ಷಗಟ್ಟಲೆ ಇನ್ನೊಬ್ಬರಿಗಾಗಿ ಎದ್ದು ಕೂತ ಕೈಗಳಿಗೆ ಆಗ ಕೆಲಸವಿಲ್ಲ. ರಾತ್ರಿ ಅದೇ ಹೊತ್ತಿಗೆ ಎಚ್ಚರವಾಗುತ್ತದೆ. ಬಿಟ್ಟ ಕೆಲಸ ಮತ್ತೆ ಸಿಗುವುದಿಲ್ಲ, ಸಾಲ ಉಳಿದಿರುತ್ತದೆ. ಹಿಂದಿರುಗಿ ಹೋಗಬೇಕಾದುದು ಆಗಲೇ. ಎರಡನೆಯ ತಿಂಗಳು ಹೋಗಿರಿ, ಆರನೆಯ ತಿಂಗಳೂ ಹೋಗಿರಿ.

ಸಂತ ಎರಡನೆಯ ಜಾನ್ ಪೌಲರು ೧೯೯೨ರಲ್ಲಿ ಸ್ಥಾಪಿಸಿದ ವಿಶ್ವ ರೋಗಿಗಳ ದಿನವನ್ನು ಫೆಬ್ರವರಿ ೧೧ರಂದು, ಲೂರ್ದು ಮಾತೆಯ ಸ್ಮರಣೆಯೊಂದಿಗೆ ಆಚರಿಸುತ್ತೇವೆ. ಆ ದಿನ ರೋಗಿಗಳನ್ನು ಮುಂದಿನ ಸಾಲಿಗೆ ಕರೆಯುವಾಗ, ಅವರ ಗಾಲಿಕುರ್ಚಿ ತಳ್ಳಿಕೊಂಡು ಬಂದವರಿಗಾಗಿಯೂ ಪಕ್ಕದಲ್ಲಿ ಒಂದು ಕುರ್ಚಿ ಹಾಕೋಣ.

ಕುಟುಂಬದ ಚಿಂತನೆಗೆ

೧. ನಮ್ಮ ಬೀದಿಯಲ್ಲಿ ಗುಣವಾಗದ ರೋಗಿಯಿರುವ ಮನೆ ಯಾವುದು? ಅಲ್ಲಿ ರಾತ್ರಿ ಎದ್ದಿರುವವರು ಯಾರು?

೨. ಈ ವಾರ ನಾವು ಅವರಿಗೆ ಕೊಡಬಲ್ಲ ದಿನ ಮತ್ತು ಗಂಟೆ ಯಾವುದು?

೩. ನಮ್ಮ ಮನೆಯಲ್ಲೇ ಆರೈಕೆಯ ಹೊರೆ ಒಬ್ಬರ ಮೇಲೆಯೇ ಬಿದ್ದಿದೆಯೇ?

ಪ್ರಾರ್ಥನೆ

ಕರುಣಾಮಯ ಪ್ರಭುವೇ, ಶಿಲುಬೆಯ ಬಳಿ ಕೊನೆತನಕ ನಿಂತ ನಿಮ್ಮ ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸಿದಿರಿ. ರೋಗಿಗಳ ಬಳಿ ನಿಂತು ದಣಿದವರನ್ನು ನಮ್ಮ ಕೈಗೆ ಒಪ್ಪಿಸಿರಿ. ಅವರಿಗೆ ನಿದ್ರೆಯನ್ನೂ ನಮಗೆ ಎಚ್ಚರವನ್ನೂ ಕೊಡಿರಿ. ಆಮೆನ್.