ಗಡಿಗಲ್ಲು ಒಂದು ಕಡೆ, ಗೆರೆ ಇನ್ನೊಂದು ಕಡೆ: ಕಾಡಿನ ನಕಾಶೆ ಕಲಿಸಿದ್ದು

ಶರಾವತಿ ಕಣಿವೆಯ ಒಂದು ಬೀಟಿನಲ್ಲಿ ನಾವು ಹುಡುಕುತ್ತಿದ್ದ ಗಡಿಗಲ್ಲು ಸಿಕ್ಕಾಗ ಮಧ್ಯಾಹ್ನ ಕಳೆದಿತ್ತು. ಪಾಚಿ ಹಿಡಿದ ಕಲ್ಲುಗುಪ್ಪೆ, ಸುತ್ತಲೂ ಇಂಬಳ. ಅದರ ಅಕ್ಷಾಂಶ ರೇಖಾಂಶ ಗುರುತು ಹಾಕಿಕೊಂಡು ಬಂದು ಸಂಜೆ ಕಂಪ್ಯೂಟರಿಗೆ ಏರಿಸಿದೆ. ನಮ್ಮ ನಕಾಶೆಯ ಗಡಿರೇಖೆ ಆ ಕಲ್ಲಿನಿಂದ ನೂರೈವತ್ತು ಮೀಟರಿಗೂ ಹೆಚ್ಚು ದೂರದಲ್ಲಿ, ಹಳ್ಳ ದಾಟಿ, ಒಬ್ಬ ರೈತರ ಅಡಿಕೆ ತೋಟದೊಳಗೆ ಹಾದುಹೋಗಿತ್ತು. ಅವರಿಗೆ ಒತ್ತುವರಿ ನೋಟಿಸು ಆಗಲೇ ತಲುಪಿತ್ತು. ತಪ್ಪು ಅವರದಲ್ಲ, ಕಲ್ಲಿನದೂ ಅಲ್ಲ. ಹಳೆಯ ನಕಾಶೆಯನ್ನು ಸ್ಕ್ಯಾನ್ ಮಾಡಿ ತೆರೆಯ ಮೇಲೆ ಕೂರಿಸಿದವನು ನಾನು, ತಪ್ಪು ನನ್ನದು.

ಮಲೆನಾಡಿನ ಕಾಡುಗಳನ್ನು ಜಿಐಎಸ್‌ನಲ್ಲಿ ಜೋಡಿಸುವ ಕೆಲಸಕ್ಕೆ ಬಂದ ಹೊಸತರಲ್ಲಿ ನಡೆದದ್ದು ಇದು. ಆಮೇಲೆ ಕಲಿತದ್ದನ್ನು ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗಾಗಿ ಬರೆದಿಡುತ್ತಿದ್ದೇನೆ.

1. ನಕಾಶೆ ಯಾವ ಭೂಮಿಯನ್ನು ಅಳೆದದ್ದು ಎಂದು ಮೊದಲು ಕೇಳಿ

ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟುಗಳು ಎವರೆಸ್ಟ್ ಗೋಳಾಭದ ಲೆಕ್ಕದಲ್ಲಿ ಮಾಡಿದವು. ಭೂಮಿಯ ಆಕಾರಕ್ಕೆ ಜಾರ್ಜ್ ಎವರೆಸ್ಟ್ 1830ರಲ್ಲಿ ಕೊಟ್ಟ ಅಳತೆ ಅದು. ಜಿಪಿಎಸ್ ಮಾತಾಡುವುದು ಡಬ್ಲ್ಯುಜಿಎಸ್84 ಎಂಬ ಬೇರೆ ಅಳತೆಯಲ್ಲಿ. ಎರಡರಲ್ಲೂ ಅಂಕಿಗಳು ಒಂದೇ ಥರ ಕಾಣುತ್ತವೆ. ಆದರೆ ಒಂದರ ಅಂಕಿಯನ್ನು ಇನ್ನೊಂದರದೆಂದು ಹಾಕಿದರೆ ನಮ್ಮ ಮಲೆನಾಡಿನಲ್ಲಿ ಜಾಗ ನೂರೈವತ್ತು ಮೀಟರಿಗಿಂತ ಹೆಚ್ಚೇ ಸರಿಯುತ್ತದೆ. ನಾನು ಮಾಡಿದ್ದು ಅದನ್ನೇ. ಟೋಪೋಶೀಟಿನ ನಾಲ್ಕು ಮೂಲೆಯ ಅಂಕಿಗಳನ್ನು ಕೊಟ್ಟು, ಕೇಳಿದ ಕಡೆ ಡಬ್ಲ್ಯುಜಿಎಸ್84 ಎಂದು ಒತ್ತಿಬಿಟ್ಟಿದ್ದೆ. ಕ್ಯೂಜಿಐಎಸ್ ತಕರಾರು ಮಾಡಲಿಲ್ಲ. ಕೊಟ್ಟದ್ದನ್ನು ನಂಬುವುದಷ್ಟೇ ತಂತ್ರಾಂಶದ ಕೆಲಸ.

ಹಾಳೆಯನ್ನು ಅದರ ಮೂಲ ಅಳತೆಯಲ್ಲೇ ಕೂರಿಸಿ, ನಂತರ ಬದಲಾಯಿಸಬೇಕು. ಬದಲಾಯಿಸಿದ ಮೇಲೆ ಹಳೆಯ ಸೇತುವೆ, ದೇವಸ್ಥಾನ, ರಸ್ತೆ ಕೂಡುವ ಜಾಗ ಹೀಗೆ ಜಾಗ ಬದಲಿಸದ ನಾಲ್ಕೈದು ಗುರುತುಗಳನ್ನು ಉಪಗ್ರಹ ಚಿತ್ರದ ಮೇಲಿಟ್ಟು ನೋಡಬೇಕು. ಈಗ ನಾನು ಇದನ್ನು ಮಾಡದೆ ಒಂದು ಗೆರೆಯನ್ನೂ ಎಳೆಯುವುದಿಲ್ಲ.

ವಿಸ್ತೀರ್ಣದ ಲೆಕ್ಕಕ್ಕೂ ಇದೇ ಎಚ್ಚರ ಬೇಕು. ಡಿಗ್ರಿಯಲ್ಲಿರುವ ಲೇಯರಿನಿಂದ ನೇರವಾಗಿ ಹೆಕ್ಟೇರು ತೆಗೆಯಲು ಹೋಗಬೇಡಿ, ಮೀಟರ್ ಲೆಕ್ಕದ ಯುಟಿಎಂಗೆ ತನ್ನಿ. ರಾಜ್ಯದ ಬಹುಭಾಗ 43ನೇ ವಲಯದಲ್ಲಿದೆ. 78 ಡಿಗ್ರಿ ರೇಖಾಂಶದಿಂದ ಮೂಡಲಿಗೆ, ಕೋಲಾರದ ಕಡೆ, 44 ಶುರುವಾಗುತ್ತದೆ.

2. ಚುಕ್ಕೆ ಎಲ್ಲಿದೆ ನೋಡಿ

ಗಾರ್ಡ್ ಡೈರಿಯಲ್ಲಿ 14 ಡಿಗ್ರಿ 30.5 ನಿಮಿಷ ಎಂದು ಬರೆದಿದ್ದನ್ನು ಕಚೇರಿಯಲ್ಲಿ 14 ಡಿಗ್ರಿ 30 ನಿಮಿಷ 50 ಸೆಕೆಂಡ್ ಎಂದು ಓದಿದರೆ ಜಾಗ ಸುಮಾರು 600 ಮೀಟರ್ ಬಡಗಲಿಗೆ ಹೋಗುತ್ತದೆ. ಅದನ್ನೇ 14.305 ಡಿಗ್ರಿ ಎಂದು ಟೈಪ್ ಮಾಡಿದರೆ 20 ಕಿಲೋಮೀಟರಿಗೂ ಹೆಚ್ಚು ತೆಂಕಲಿಗೆ. ಇಡೀ ರೇಂಜಿನ ಸಾಧನಗಳನ್ನೆಲ್ಲ ದಶಮಾಂಶ ಡಿಗ್ರಿಗೆ ಇಡಿಸಿ. ಮರದ ಕೆಳಗೆ, ಕೊರಕಲಿನಲ್ಲಿ ಉಪಗ್ರಹದ ಸಂಕೇತ ಚದುರುತ್ತದೆ, ಆದ್ದರಿಂದ ಗಡಿಗಲ್ಲಿನ ಹತ್ತಿರ ಕೆಲವು ನಿಮಿಷ ನಿಂತು ಸರಾಸರಿ ತೆಗೆಯುವುದನ್ನು ರೂಢಿ ಮಾಡಿಸಿ.

3. ಗೆರೆಗೂ ಒಂದು ದಪ್ಪವಿದೆ

1:50,000 ಮಾಪಕದ ಟೋಪೋಶೀಟಿನಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ 25 ಮೀಟರ್ ಅಗಲ. ಐದು ಗುಂಟೆ ಜಮೀನು ಚೌಕವಾಗಿದ್ದರೆ ಅದರ ಒಂದು ಬದಿ ಸುಮಾರು 22 ಮೀಟರ್. ಎಂದರೆ ಐದು ಗುಂಟೆಯ ಒತ್ತುವರಿ ಇಡಿಯಾಗಿ ಆ ಗೆರೆಯ ಶಾಯಿಯ ಕೆಳಗೆ ಮುಚ್ಚಿಹೋಗುತ್ತದೆ. ತೆರೆಯ ಮೇಲೆ ಎಷ್ಟು ಹಿಗ್ಗಿಸಿದರೂ ಆ ಗೆರೆ ಕೂದಲಿನಷ್ಟು ಸಪೂರವಾಗಿಯೇ ಕಾಣುತ್ತದೆ, ನಮಗೆ ಧೈರ್ಯ ಬಂದುಬಿಡುತ್ತದೆ. ಕಂದಾಯದ ಗ್ರಾಮ ನಕಾಶೆ 1:7920, ಅಲ್ಲಿ ಅದೇ ಗೆರೆ ನಾಲ್ಕು ಮೀಟರ್. ಗುಂಟೆಯ ಪ್ರಶ್ನೆಗೆ ಟೋಪೋಶೀಟು ಉತ್ತರ ಕೊಡಲಾರದು.

ಅದಕ್ಕೇ ಪ್ರತಿ ಗಡಿ ಲೇಯರಿನಲ್ಲೂ ಒಂದು ಕಾಲಂ ಇಡುತ್ತೇನೆ: ಈ ತುಂಡು ಯಾವ ನಕಾಶೆಯಿಂದ, ಯಾವ ಮಾಪಕದಿಂದ ಬಂತು, ಅಥವಾ ಯಾರು ನಡೆದು ತಂದರು.

4. ಕಾಡಿನ ಗಡಿ ಮೊದಲು ಮಾತಿನಲ್ಲಿದೆ

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಮೀಸಲು ಅರಣ್ಯದ ಗಡಿ ಕಾನೂನಿನ ದೃಷ್ಟಿಯಲ್ಲಿ ಇರುವುದು ಅಧಿಸೂಚನೆಯ ಚಕ್ಕುಬಂದಿಯಲ್ಲಿ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ 4ನೇ ಸೆಕ್ಷನ್ ಸರ್ಕಾರದ ಉದ್ದೇಶವನ್ನು ಸಾರುತ್ತದೆ, 17ನೇ ಸೆಕ್ಷನ್ ಮೀಸಲು ಅರಣ್ಯವೆಂದು ಘೋಷಿಸುತ್ತದೆ. ಎರಡರ ನಡುವೆ ಜನರ ಹಕ್ಕುಗಳ ವಿಚಾರಣೆ ನಡೆಯಬೇಕು, ವಿಸ್ತೀರ್ಣ ಬದಲಾಗಬಹುದು. ಆದ್ದರಿಂದ ‘ಅರಣ್ಯ’ ಎಂಬ ಒಂದೇ ಬಣ್ಣದಲ್ಲಿ ಎರಡನ್ನೂ ತುಂಬಿದ ನಕಾಶೆಯನ್ನು ನಾನು ಒಪ್ಪುವುದಿಲ್ಲ. ಯಾವ ಸೆಕ್ಷನ್, ಯಾವ ಸಂಖ್ಯೆ, ಯಾವ ದಿನಾಂಕ, ಇವು ಪಾಲಿಗಾನಿನ ಜೊತೆಗೇ ಇರಬೇಕು.

ಇನ್ನು ಚಕ್ಕುಬಂದಿಯ ಭಾಷೆ. ಇಂಥ ಊರಿನ ಮೂಲೆಗಲ್ಲಿನಿಂದ ಹಳ್ಳದ ಗುಂಟ ಕೆಳಗಿಳಿದು, ಕಾಲುದಾರಿ ಸೇರುವಲ್ಲಿ ಪಡುವಲಿಗೆ ತಿರುಗಿ ಎಂಬ ಥರದ್ದು. ಹಳ್ಳ ದಾರಿ ಬದಲಿಸಿರುತ್ತದೆ, ಕಾಲುದಾರಿ ಮುಚ್ಚಿರುತ್ತದೆ. ಅದನ್ನು ಓದುತ್ತಾ, ಪಕ್ಕದಲ್ಲಿ ಗ್ರಾಮ ನಕಾಶೆ ಹಿಡಿದು, ಊರಿನ ಒಬ್ಬ ಹಿರಿಯರನ್ನೂ ಬೀಟಿನ ವಾಚರನ್ನೂ ಜೊತೆಗಿಟ್ಟುಕೊಂಡು ನಡೆಯುವುದಕ್ಕೆ ಬದಲಿ ದಾರಿ ಯಾವುದೂ ನನಗೆ ಸಿಕ್ಕಿಲ್ಲ. ಒಂದು ದಿನಕ್ಕೆ ಎರಡು ಮೂರು ಕಿಲೋಮೀಟರ್ ಸಾಗಿದರೆ ಅದು ಒಳ್ಳೆಯ ದಿನ.

ಎರಡು ಪಾಲಿಗಾನುಗಳು ಒಂದರ ಮೇಲೊಂದು ಹತ್ತಿದ್ದರೆ, ನಡುವೆ ಸೀಳು ಉಳಿದಿದ್ದರೆ, ಒಂದೇ ಗುಂಡಿಯಲ್ಲಿ ಸರಿಪಡಿಸುವ ಉಪಕರಣಗಳಿವೆ. ಕಾಡಿನೊಳಗಿನ ಕಂಪಾರ್ಟ್‌ಮೆಂಟುಗಳಿಗೆ ಅದನ್ನು ಬಳಸಿಕೊಳ್ಳಿ. ಕಾಡಿಗೂ ಕಂದಾಯ ಗ್ರಾಮಕ್ಕೂ ನಡುವೆ ಕಾಣುವ ಸೀಳನ್ನು ಮಾತ್ರ ಮುಟ್ಟಬೇಡಿ. ಎರಡು ಇಲಾಖೆಗಳ ದಾಖಲೆ ಹೊಂದದ ಜಾಗ ಅದು, ಅಲ್ಲಿ ಯಾರದೋ ಮನೆ ಇರಬಹುದು. ಅದನ್ನು ಬೇರೆ ಬಣ್ಣದಲ್ಲಿ ಎತ್ತಿ ತೋರಿಸಿ, ಜಂಟಿ ಸರ್ವೆಗೆ ಬರೆಯಿರಿ.

5. ಎಲೆ ಉದುರಿದ್ದಕ್ಕೆ ಕಾಡು ಹೋಯಿತು ಎನ್ನಬೇಡಿ

ಬಂಡೀಪುರದಂಥ ಎಲೆಯುದುರುವ ಕಾಡಿನ ಅಕ್ಟೋಬರ್ ಚಿತ್ರವನ್ನು ಮಾರ್ಚ್ ಚಿತ್ರದ ಪಕ್ಕ ಇಟ್ಟು ಹಸಿರಿನ ವ್ಯತ್ಯಾಸ ತೆಗೆದರೆ ಅರ್ಧ ಕಾಡೇ ನಾಶವಾದಂತೆ ಕೆಂಪಾಗುತ್ತದೆ. ಒಂದೇ ತಿಂಗಳಿನ ಎರಡು ವರ್ಷಗಳ ಚಿತ್ರವನ್ನಷ್ಟೇ ಹೋಲಿಸಿ. ಸೆಂಟಿನೆಲ್-2 ಉಪಗ್ರಹಗಳು ಐದು ದಿನಕ್ಕೊಮ್ಮೆ 10 ಮೀಟರ್ ವಿವರದ ಚಿತ್ರ ಉಚಿತವಾಗಿ ಕೊಡುತ್ತವೆ, ಆದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಪಶ್ಚಿಮ ಘಟ್ಟದಲ್ಲಿ ಮೋಡ ಬಿಟ್ಟು ಹೆಚ್ಚೇನೂ ಸಿಗುವುದಿಲ್ಲ. ಹೂಬಿಟ್ಟು ಒಟ್ಟಿಗೆ ಒಣಗಿದ ಬಿದಿರುಮೆಳೆ ಕಡಿದ ಕಾಡಿನಂತೆ ಕಾಣುತ್ತದೆ. ಲಂಟಾನ ತುಂಬಿದ ಜಾಗ ಹಸಿರಾಗಿ ಕಂಡು, ಎಲ್ಲ ಚೆನ್ನಾಗಿದೆ ಎನಿಸುತ್ತದೆ.

6. ಮೇಲಿನಿಂದ ಕಾಣುವ ಹಸಿರು ಬೇರೆ, ಕಾಡು ಬೇರೆ

ಭಾರತೀಯ ಅರಣ್ಯ ಸರ್ವೇಕ್ಷಣೆ 1987ರಿಂದ ಎರಡು ವರ್ಷಕ್ಕೊಮ್ಮೆ ಎಂಬ ಲೆಕ್ಕದಲ್ಲಿ ವರದಿ ಕೊಡುತ್ತಾ ಬಂದಿದೆ. ಅದರ ವ್ಯಾಖ್ಯೆಯಂತೆ ಒಂದು ಹೆಕ್ಟೇರು ಅಥವಾ ಹೆಚ್ಚಿನ ಜಾಗದಲ್ಲಿ ಶೇ 10ರಷ್ಟಾದರೂ ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ, ಒಡೆತನ ಯಾರದೇ ಇರಲಿ. ಕೊಡಗಿನ ನೆರಳುಮರದ ಕಾಫಿ ತೋಟವೂ ಇದರಲ್ಲಿ ಸೇರಿಬಿಡುತ್ತದೆ. ಈ ಅಂಕಿ ಸುಳ್ಳಲ್ಲ, ಅದು ಉತ್ತರಿಸುವ ಪ್ರಶ್ನೆಯೇ ಬೇರೆ. ಅದನ್ನು ಹಿಡಿದು ನಮ್ಮ ತಾಲ್ಲೂಕಿನ ಕಾಡು ಉಳಿದಿದೆ ಎಂದು ಹೇಳುವವರನ್ನು ನಾನು ಪ್ರತಿ ಸಲವೂ ತಡೆದು ಮಾತಾಡಿದ್ದೇನೆ.

ಇನ್ನೊಂದು ತುದಿಯಲ್ಲಿ ರಾಮಪತ್ರೆ ಜಡ್ಡಿಗಳಿವೆ. ಸಿದ್ದಾಪುರದ ಕತ್ತಲೆಕಾನಿನಂಥ ಕಡೆ ಹಳ್ಳದ ತಲೆಯಲ್ಲಿ, ಕೆಸರಿನಿಂದ ಬೇರುಗಳು ಮೊಣಕಾಲಿನಂತೆ ಎದ್ದು ನಿಲ್ಲುವ ಜೌಗು ಕಾಡು. ಪಟ್ಟಿಯಂತೆ ಕಿರಿದು, ಕೆಲವು ಕಡೆ ಗುಂಟೆಗಳ ಲೆಕ್ಕದ್ದು. ಲಿಸ್-3 ಉಪಗ್ರಹ ಚಿತ್ರದ ಒಂದು ಚೌಕ 23.5 ಮೀಟರ್, ಹೆಚ್ಚುಕಡಿಮೆ ಐದೂವರೆ ಗುಂಟೆ. ಜಡ್ಡಿ ಅದರೊಳಗೆ ಸುತ್ತಲಿನ ನಿತ್ಯಹಸಿರಿನ ಜೊತೆ ಕಲಸಿಹೋಗುತ್ತದೆ. ಒಬ್ಬ ವಾಚರ್ ಅಂಥ ಜಾಗಕ್ಕೆ ಕರೆದುಕೊಂಡು ಹೋಗಿ ಹೇಳಿದ್ದು ನೆನಪಿದೆ: “ನಿಮ್ಮ ನಕಾಶೇಲಿ ಇದು ಇಲ್ದೆ ಇರ್ಬೋದು ಸಾರ್, ಬೇಸಿಗೇಲೂ ಇಲ್ಲಿ ನೀರು ಆರಲ್ಲ.” ಕೆಳಗಿನ ಊರಿನ ತೋಟಗಳಿಗೆ ಏಪ್ರಿಲ್‌ನಲ್ಲೂ ನೀರು ಬರುತ್ತಿದ್ದದ್ದು ಆ ಹಳ್ಳದಿಂದಲೇ. ನಾವು ಅದನ್ನು ಸುತ್ತಿ ನಡೆದು ಗುರುತು ಹಾಕಿಕೊಂಡೆವು.

ಅಂದಿನಿಂದ ಸ್ಥಳೀಯ ಹೆಸರಿಗೆ ಒಂದು ಕಾಲಂ ಖಾಯಂ. ಕಾನು, ಸೊಪ್ಪಿನಬೆಟ್ಟ, ಜಡ್ಡಿ, ಕುಮ್ಕಿ, ಬಾಣೆ, ದೇವರಕಾಡು: ಒಂದೊಂದು ಹೆಸರಿನಲ್ಲೂ ಸಸ್ಯ, ನೀರು, ಹಕ್ಕು, ನಂಬಿಕೆ ಯಾವುದಾದರೊಂದು ಅಡಗಿದೆ. ಎಲ್ಲವನ್ನೂ ‘ದಟ್ಟ’, ‘ವಿರಳ’ ಎಂದು ಎರಡು ಬಣ್ಣಕ್ಕೆ ಇಳಿಸಿದರೆ ಅದು ಅಳಿಸಿಹೋಗುತ್ತದೆ.

7. ಶೇಪ್‌ಫೈಲಿನಲ್ಲಿ ಕನ್ನಡ ಹಿಡಿಯುವುದಿಲ್ಲ

ಅದರಲ್ಲಿ ಕಾಲಂ ಹೆಸರಿಗೆ ಹತ್ತೇ ಬೈಟು. ಯುನಿಕೋಡಿನಲ್ಲಿ ಸಾಮಾನ್ಯವಾಗಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವರಚಿಹ್ನೆಗೂ ಮೂರು ಮೂರು ಬೈಟು ಬೇಕು. ‘ಕಾನು’ ಎಂಬ ಎರಡಕ್ಷರದ ಪದಕ್ಕೇ ಹನ್ನೆರಡಾಗುತ್ತದೆ. ಜಿಯೋಪ್ಯಾಕೇಜ್ ಬಳಸಿ. ಒಂದೇ ಕಡತ, ಪೆನ್‌ಡ್ರೈವಿನಲ್ಲಿ ಕೊಡುವಾಗ ಶೇಪ್‌ಫೈಲಿನಂತೆ ಒಂದು ತುಂಡು ಬಿಟ್ಟುಹೋಗುವ ಭಯವೂ ಇಲ್ಲ.

8. ಬೆಂಕಿಯ ಚುಕ್ಕೆಯನ್ನು ವೃತ್ತವೆಂದು ಓದಿ

ಉಪಗ್ರಹದಿಂದ ಬರುವ ವಿಐಐಆರ್‌ಎಸ್ ಬೆಂಕಿ ಸೂಚನೆ ಸುಮಾರು 375 ಮೀಟರಿನ ಚೌಕದ ನಡುಬಿಂದು. ಬೆಂಕಿ ಆ ಚೌಕದೊಳಗೆ ಎಲ್ಲಿ ಬೇಕಾದರೂ ಇರಬಹುದು. ಬಿಂದುವಿಗೇ ಹೋಗಿ ಏನೂ ಇಲ್ಲ ಎಂದು ತಿರುಗಿ ಬಂದವರನ್ನು ನೋಡಿದ್ದೇನೆ, ಅಷ್ಟರಲ್ಲಿ ಗುಡ್ಡದ ಆಚೆ ಮಗ್ಗುಲು ಉರಿಯುತ್ತಿತ್ತು. ಈಗ ಬಿಂದುವಿನ ಸುತ್ತ ವೃತ್ತ ಎಳೆದು, ಇಳಿಜಾರು ಮತ್ತು ಹತ್ತಿರದ ದಾರಿ ಸೇರಿಸಿ ಕಳಿಸುತ್ತೇವೆ.

ಈ ಉಪಗ್ರಹಗಳು ಹಾದುಹೋಗುವುದು ಹೆಚ್ಚುಕಡಿಮೆ ಮಧ್ಯಾಹ್ನ ಒಂದೂವರೆಗೆ, ರಾತ್ರಿ ಒಂದೂವರೆಗೆ. ಮೂರು ಗಂಟೆಗೆ ಹೊತ್ತಿ ಸಂಜೆಗೆ ಆರಿದ ಬೆಂಕಿ ದಾಖಲೆಗೇ ಬರುವುದಿಲ್ಲ. ಹಾಗಾಗಿ ಬೆಂಕಿ ರೇಖೆ ಎಲ್ಲಿ ಸವರಬೇಕೆಂದು ತೀರ್ಮಾನಿಸುವಾಗ ಹಿಂದಿನ ವರ್ಷಗಳ ಚುಕ್ಕೆಗಳ ಜೊತೆಗೆ ಬೀಟಿನ ಡೈರಿಗಳನ್ನೂ ಕುಳಿತು ನಕಾಶೆಗೆ ಏರಿಸಿದೆವು. ಬೇಸರದ ಕೆಲಸ ಹೌದು, ಆದರೆ ಊರಂಚಿನ ಸಣ್ಣ ಬೆಂಕಿಗಳು ಕಂಡದ್ದು ಅಲ್ಲಿಂದಲೇ.

9. ಚಿತ್ರವನ್ನು ಮನುಷ್ಯನ ಮಾತಿಗೆ ಎದುರು ನಿಲ್ಲಿಸಬೇಡಿ

2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳಲ್ಲಿ 2005ರ ಡಿಸೆಂಬರ್ 13ಕ್ಕೆ ಮೊದಲೇ ಜಮೀನು ಅನುಭವದಲ್ಲಿತ್ತೇ ಎಂಬುದು ಪ್ರಶ್ನೆ. ಆ ಕಾಲದ ಉಪಗ್ರಹ ಚಿತ್ರದಲ್ಲಿ ಮರ ಕಂಡಿತೆಂದು ಅರ್ಜಿ ತಳ್ಳಿಹಾಕಲು ಹೊರಟವರ ಜೊತೆ ನಾನು ವಾದಿಸಿದ್ದೇನೆ. ಮರದ ನೆರಳಿನಲ್ಲೇ ಗುಡಿಸಲು, ಏಲಕ್ಕಿ, ಕಾಳುಮೆಣಸು ಇರುವ ನಾಡು ನಮ್ಮದು. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 75 ವರ್ಷದ ವಾಸ ತೋರಿಸಬೇಕು, ಅಂದರೆ 1930ಕ್ಕೆ ಹೋಗಬೇಕು. ಮೊದಲ ಲ್ಯಾಂಡ್‌ಸ್ಯಾಟ್ ಹಾರಿದ್ದೇ 1972ರಲ್ಲಿ. ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಗಳಿಗೆ ಪೂರಕವಾಗಬಹುದೇ ಹೊರತು ಅವುಗಳ ಬದಲಿಯಾಗಬಾರದು ಎಂದು 2012ರಲ್ಲಿ ತಿದ್ದಿದ ನಿಯಮಗಳೇ ಹೇಳುತ್ತವೆ.

ಈಗ ಗ್ರಾಮಸಭೆಗೆ ಹೋಗುವಾಗ ಲ್ಯಾಪ್‌ಟಾಪ್ ಚೀಲದಲ್ಲೇ ಇರುತ್ತದೆ. ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿದ ನಕಾಶೆಯನ್ನು ಶಾಲೆಯ ಜಗಲಿಯ ಮೇಲೆ ಹಾಸಿ, ಸುತ್ತ ಕೂತವರ ಕೈಗೆ ಪೆನ್ಸಿಲ್ ಕೊಡುತ್ತೇನೆ. ಹಳ್ಳ, ದಾರಿ, ಚೌಡಿಯ ಬನ, ಅಜ್ಜ ಉಳುತ್ತಿದ್ದ ಗದ್ದೆ, ಬಿಟ್ಟುಹೋದ ಮನೆಯ ಅಡಿಪಾಯ ಎಲ್ಲ ಅದರ ಮೇಲೆ ಬರುತ್ತವೆ, ಒಬ್ಬರ ಗೆರೆಯನ್ನು ಇನ್ನೊಬ್ಬರು ತಿದ್ದುತ್ತಾರೆ. ಆ ಗೆರೆಗಳಿಗೆ ಕಂಪ್ಯೂಟರಿನಲ್ಲಿ ಬೇರೆಯೇ ಲೇಯರ್ ಇಟ್ಟಿದ್ದೇನೆ, ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬ ಕಾಲಂ ಸಮೇತ.